ಗೇಟಿನ ಮುಂದೆ ಹೊಗೆ

"ಅಪ್ಪಾ, ಇವತ್ತು ನಮ್ ಸ್ಕೂಲು ಮೋಡದೊಳಗಿದೆ!"

ಸ್ಕೂಟರಿನ ಹಿಂದಿನ ಸೀಟಿನಿಂದ ಮಗಳು ತನ್ವಿ ಹೀಗೆ ಕೂಗಿದಾಗ ನನಗೂ ಖುಷಿಯೇ ಆಯಿತು. ಹೋದ ವಾರದ ಮಾತು, ಸೋಮವಾರ ಬೆಳಿಗ್ಗೆ. ಕುಕ್ ಟೌನಿನ ಆ ರಸ್ತೆಯಲ್ಲಿ ಇನ್ನೂ ನಾಲ್ಕು ದೊಡ್ಡ ಮರ ಉಳಿದುಕೊಂಡಿವೆ. ಮಂಜಿರಬಹುದು ಅಂದುಕೊಂಡೆ.

ಹತ್ತಿರ ಹೋದರೆ ಮಂಜೂ ಇಲ್ಲ, ಮಣ್ಣೂ ಇಲ್ಲ. ಡೀಸೆಲ್ ವಾಸನೆ. ಸ್ಕೂಲ್ ಗೇಟಿನ ಪಕ್ಕದ ಮೋರಿಗೆ ಒಬ್ಬರು ಭರ್ರೋ ಅಂತ ಸೊಳ್ಳೆ ಹೊಗೆ ಬಿಡುತ್ತಿದ್ದಾರೆ. ಹೊಗೆ ಬಿಡುವವರ ಮೂಗಿಗೆ ಕರ್ಚೀಫು ಕಟ್ಟಿದೆ. ಮಕ್ಕಳು ಕೈ ಚಾಚಿಕೊಂಡು ಅದರೊಳಗೆ ಕುಣಿಯುತ್ತಿದ್ದಾರೆ. ಅಪ್ಪ ಅಮ್ಮಂದಿರು ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದಾರೆ.

(ನಗಬೇಡಿ. ಹಲಸೂರಿನಲ್ಲಿ ಬೆಳೆದ ಯಾರನ್ನಾದರೂ ಕೇಳಿ. ಹೊಗೆ ಗಾಡಿ ಬಂದರೆ ನಮಗೆಲ್ಲ ಅದೇ ಹಬ್ಬ. ಹಿಂದೆ ಓಡದವರು ಯಾರು?)

ಆದರೆ ತನ್ವಿಗೆ ವೀಸಿಂಗ್, ಅಂದರೆ ಉಬ್ಬಸ ಇದೆ. ಮನೆಯಲ್ಲಿ ಊದುಬತ್ತಿ ಹಚ್ಚಿದರೂ ಪಕ್ಕದ ರೂಮಿಗೆ ಓಡುವ ಹುಡುಗಿ. ದುಪಟ್ಟಾದಿಂದ ಮೂಗು ಮುಚ್ಚಿಕೊಂಡಿದ್ದ ಟೀಚರ್ ಒಬ್ಬರ ಕೈಗೆ ಅವಳನ್ನು ಒಪ್ಪಿಸಿ, "ಬೇಗ ಒಳಗೆ ಓಡು" ಅಂದೆ. ಒಳಗೆ ಹೋದರೆ ಸೇಫ್ ತಾನೇ?

ಫೋನ್ ಬಂದಾಗ ನಾನು ಮಾರತ್ತಹಳ್ಳಿ ಬ್ರಿಡ್ಜ್ ಹತ್ತಿರ ಸಿಕ್ಕಿಹಾಕಿಕೊಂಡಿದ್ದೆ.

"ಸರ್, ತನ್ವಿಗೆ ಉಸಿರಾಡೋಕೆ ಕಷ್ಟ ಆಗ್ತಿದೆ. ಬ್ಯಾಗಲ್ಲಿದ್ದ ಇನ್‌ಹೇಲರ್ ಕೊಟ್ಟಿದ್ದೀವಿ, ಸಾಲ್ತಿಲ್ಲ. ಕ್ಲಿನಿಕ್ಕಿಗೆ ಕರ್ಕೊಂಡ್ ಹೋಗ್ತಿದ್ದೀವಿ, ಬೇಗ ಬನ್ನಿ."

ಬೇಗ! ಮುಂದೆ ಬಸ್ಸು, ಹಿಂದೆ ನೀರಿನ ಟ್ಯಾಂಕರು, ಎರಡೂ ಪಕ್ಕ ಕ್ಯಾಬು. ಅಂಥ ಭಯ ನನಗೆ ಯಾವತ್ತೂ ಆಗಿರಲಿಲ್ಲ. ತನ್ನ ಪಾಡಿಗೆ ಸಿಗ್ನಲ್ ಕಾಯುತ್ತಿದ್ದ ಆಟೋದವನ ಮೇಲೆ ಸುಮ್ಮಸುಮ್ಮನೆ ಕಿರುಚಿದೆ. ಅವನು ನನ್ನ ಮುಖ ನೋಡಿ ಆಟೋ ಪಕ್ಕಕ್ಕೆ ಎಳೆದುಕೊಂಡ.

ಕ್ಲಿನಿಕ್ಕಿನಲ್ಲಿ ತನ್ವಿ ಮೂಗಿಗೆ ಮಾಸ್ಕ್ ಹಾಕಿಕೊಂಡು ಕೂತಿದ್ದಳು. ನೆಬ್ಯುಲೈಜರ್ ಗುರ್ರ್ ಅನ್ನುತ್ತಿತ್ತು. ಹೆಂಡತಿ ದೊಮ್ಮಲೂರಿನ ಆಫೀಸಿನಿಂದ ನನಗಿಂತ ಮೊದಲೇ ಬಂದಿದ್ದಳು. ಡಾಕ್ಟರು, "ಈಗ ಪರವಾಗಿಲ್ಲ" ಅಂದರು. ಆಮೇಲೆ ಕೇಳಿದರು: "ಅಲ್ಲಾರೀ, ಮಕ್ಕಳು ಬರೋ ಟೈಮಲ್ಲಿ ಯಾರಾದ್ರೂ ಹೊಗೆ ಹಾಕಿಸ್ತಾರಾ?"

ಅದೇ ಪ್ರಶ್ನೆ ಹೊತ್ತುಕೊಂಡು ನೇರ ಪ್ರಿನ್ಸಿಪಾಲರ ರೂಮಿಗೆ ನುಗ್ಗಿದೆ. ಜಗಳಕ್ಕೇ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ?

ಅವರು ಮೊದಲು ತನ್ವಿ ಹೇಗಿದ್ದಾಳೆ ಅಂತ ಕೇಳಿದರು. ಆಮೇಲೆ ಹೇಳಿದರು. "ಹೋದ ತಿಂಗಳು ಒಂದು ಮಗೂಗೆ ಡೆಂಗ್ಯೂ ಆಯ್ತಲ್ಲ ಸರ್, ಆ ಭಾನುವಾರವೇ ಎಲ್ಲಾ ಮಾಡಿಸಿದ್ವಿ. ನಿಂತಿದ್ದ ನೀರು ಚೆಲ್ಲಿಸಿದ್ವಿ, ಟ್ಯಾಂಕಿಗೆ ಮುಚ್ಚಳ, ಕಿಟಕಿಗೆ ಮೆಶ್. ಸೋಮವಾರ ನಿಮ್ಮ ಪೇರೆಂಟ್ಸ್ ಗ್ರೂಪಲ್ಲಿ ಏನ್ ಬಂತು ಹೇಳಿ?"

ನನಗೆ ನೆನಪಿತ್ತು. 'ಒಂಚೂರೂ ವಾಸನೆ ಇಲ್ಲ. ಏನೂ ಮಾಡಿಸಿಲ್ಲ. ಫೀಸ್ ಕೇಳೋಕೆ ಮಾತ್ರ ಮುಂದೆ.'

"ಅದಕ್ಕೇ ಈ ಸಲ ಎಲ್ಲರೂ ಬರೋ ಟೈಮಿಗೇ ಗೇಟ್ ಮುಂದೆ ಹಾಕಿಸ್ದೆ. ಕಣ್ಣಾರೆ ನೋಡ್ಲಿ ಅಂತ."

"ಒಳಗೆ?"

"ಕಾರಿಡಾರಿಗೂ ಬೆಳಿಗ್ಗೇನೇ ಸ್ಪ್ರೇ ಹೊಡೆಸಿದ್ವಿ. ಸ್ವಲ್ಪ ವಾಸನೆ ಇರ್ಲಿ ಅಂತ..."

ಮಾತು ಮುಗಿಸುವಾಗ ಅವರ ದನಿ ಸಣ್ಣಗಾಯಿತು. ನನ್ನ ಜಗಳವೂ ಅರ್ಧಕ್ಕೇ ನಿಂತಿತು. ಯಾರ ಜೊತೆ ಆಡುವುದು?

ನಮ್ಮದು ವಿಚಿತ್ರ ಮೂಗು ಸ್ವಾಮಿ. ಫಿನಾಯಿಲ್ ಘಾಟು ಹೊಡೆಯದಿದ್ದರೆ ಆಸ್ಪತ್ರೆ ತೊಳೆದಿಲ್ಲ ಅನ್ನುತ್ತೇವೆ. ಕಣ್ಣಲ್ಲಿ ನೀರು ಬರದಿದ್ದರೆ ಆ್ಯಸಿಡ್ ಒಳ್ಳೇ ಕಂಪನಿಯದಲ್ಲ. ನಮಗೆ ಕೆಮ್ಮು ಬಂದರೆ ಮಾತ್ರ ಜಿರಳೆ ಸತ್ತಿದೆ ಅಂತ ಲೆಕ್ಕ. ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟರಂತೆ. ನಾವು ಆ ಬೆಂಕಿಯನ್ನು ಮಕ್ಕಳು ಒಳಗಿದ್ದಾಗಲೇ ಇಡುತ್ತಿದ್ದೇವೆ.

ಮಕ್ಕಳು ನಮ್ಮ ಹಾಗಲ್ಲ. ಗಿಡ್ಡಕ್ಕಿರುತ್ತಾರೆ, ನೆಲಕ್ಕೆ ಹತ್ತಿರ ಇರುತ್ತಾರೆ. ಕಾರಿಡಾರಿನಲ್ಲಿ ಬಿದ್ದ ಪೆನ್ಸಿಲ್ ಎತ್ತಿಕೊಂಡು ಬಾಯಿಗೆ ಇಟ್ಟುಕೊಳ್ಳುತ್ತಾರೆ. ಕೈ ತೊಳೆಯದೆ ಟಿಫಿನ್ ಬಾಕ್ಸ್ ತೆಗೆಯುತ್ತಾರೆ. ಸೊಳ್ಳೆಗೆ ಅಂತ ಹೊಡೆದದ್ದು ಸೊಳ್ಳೆಗಷ್ಟೇ ತಾಗುತ್ತದೆಯೇ?

ಪ್ರಿನ್ಸಿಪಾಲರು ಒಪ್ಪಿಕೊಂಡರು. ಇನ್ನು ಮೇಲೆ ಮೊದಲು ನಿಂತ ನೀರು ನೋಡುವುದು. ಔಷಧಿ ಹೊಡೆಯಲೇಬೇಕಾದರೆ ಶನಿವಾರ ಸ್ಕೂಲ್ ಬಿಟ್ಟ ಮೇಲೆ. ಏನು ಹೊಡೆಯುತ್ತಾರೆ ಅಂತ ನಮಗೆಲ್ಲ ಮೊದಲೇ ಮೆಸೇಜ್. ಭಾನುವಾರವೆಲ್ಲ ಕಿಟಕಿ ತೆರೆದು, ಬೆಂಚು ನೆಲ ಒರೆಸಿದ ಮೇಲೇ ಮಕ್ಕಳು ಒಳಗೆ. ಈ ಶನಿವಾರ ಹಾಗೇ ಮಾಡಿಸಿದರು ಕೂಡ. ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ನಿನ್ನೆ ಸೋಮವಾರ. ಗೇಟಿನ ಹತ್ತಿರ ರೋಹನ್ ಅಪ್ಪ ಸಿಕ್ಕರು. (ರೋಹನ್ ನನ್ನ ಮಗಳ ಕ್ಲಾಸಿನ ಹುಡುಗ. ಅಪ್ಪನ ಹೆಸರು ನನಗೆ ಗೊತ್ತಿಲ್ಲ. ನನ್ನ ಹೆಸರೂ ಅವರಿಗೆ ಗೊತ್ತಿಲ್ಲ. ಸ್ಕೂಲ್ ಗೇಟಿನ ಸ್ನೇಹ ಹಾಗೇ.) ಮೂಗು ಮೇಲೆತ್ತಿ ಎರಡು ಸಲ ಮೂಸಿದರು.

"ಏನ್ ಗುರು, ಸ್ಮೆಲ್ಲೇ ಇಲ್ವಲ್ಲ? ಮೆಸೇಜ್ ಮಾತ್ರ ಹಾಕ್ಬಿಟ್ಟು ಟೋಪಿ ಹಾಕ್ತಾರೆ. ಸುಮ್ನೆ ಬಿಡ್ಬಾರ್ದು. ಹೋದ ವಾರ ಎಷ್ಟು ಚೆನ್ನಾಗ್ ಮಾಡ್ಸಿದ್ರು, ಅದೇ ಥರ ನಮ್ಮೆದುರಿಗೇ ಹಾಕ್ಸಿ ಅಂತ ಎಲ್ಲಾ ಸೇರ್ಕೊಂಡು ಕೇಳೋಣ."

ಹೋದ ವಾರ ಏನಾಯಿತು ಅಂತ ನಾನು ಪೂರ್ತಿ ಹೇಳಿದೆ. ಮಾರತ್ತಹಳ್ಳಿ, ಕ್ಲಿನಿಕ್ಕು, ಮಾಸ್ಕು ಎಲ್ಲ. ಕೆಟ್ಟ ಮನುಷ್ಯರಲ್ಲ ಅವರು. ನಿಜವಾಗಿಯೂ ನೊಂದುಕೊಂಡರು. ತನ್ವಿಯ ತಲೆ ಸವರಿದರು.

"ಅಯ್ಯೋ ಪಾಪ, ನಂಗೆ ಗೊತ್ತೇ ಇರ್ಲಿಲ್ಲ. ಒಂದ್ ಕೆಲ್ಸ ಮಾಡಿ ಗುರು. ಹೊಗೆ ಹಾಕೋ ದಿನ ಮಗೂಗೆ ರಜಾ ಹಾಕ್ಸಿಬಿಡಿ."

ಅಷ್ಟು ಹೇಳಿ ಬೈಕ್ ಸ್ಟಾರ್ಟ್ ಮಾಡಿಕೊಂಡು ಹೊರಟೇಹೋದರು. ನಾನು ಅಲ್ಲೇ ನಿಂತಿದ್ದೆ. ಕೇಳಬೇಕಾಗಿದ್ದದ್ದು ಬಾಯಲ್ಲೇ ಉಳಿಯಿತು, ಇಲ್ಲಿ ಕೇಳುತ್ತಿದ್ದೇನೆ.

ರೋಹನ್ ಅಪ್ಪಾ, ಅವತ್ತು ನಿಮ್ಮ ರೋಹನ್ ಉಸಿರಾಡುವುದಿಲ್ಲವೇ?