ಅಮೋಘಪ್ಪ ಕಲಿಸಿದ ಕರೆಂಟಿನ ಪಾಠ

ಶಾಲಾ ಸಮಿತಿಯ ಅಧ್ಯಕ್ಷ ಶಿವಲಿಂಗ ಮಕ್ಕಳೆದುರಿಗೆ ಆಡಿದ ಮಾತನ್ನು ಅಮೋಘಪ್ಪ ಇವತ್ತಿಗೂ ಮರೆತಿಲ್ಲ.

"ನಾಕನೇತ್ತ ಕಲ್ತಂವ ನಮ್ ಹುಡುಗ್ರಿಗಿ ಏನ್ ಕಲಸ್ತಾನ್ರೀ? ಅವ್ವ ಸಾಯಾಕತ್ರೂ ಮುಟ್ಟಬ್ಯಾಡ್ರಿ ಅಂತಾನ. ತಲಿ ನೆಟ್ಟಗ ಅದೇನ್ ಇವಂದು?"

ಅಮೋಘಪ್ಪ ಕಲಬುರಗಿಯ ಕಪನೂರಿನಲ್ಲಿ ಮೋಟಾರ್ ವೈಂಡಿಂಗ್ ಮಾಡುವವನು. ಕೈ ಎಷ್ಟು ಚುರುಕೋ ಸಿಟ್ಟೂ ಅಷ್ಟೇ ಚುರುಕು. ಕಮಲಾಪುರದ ಕೂಲಿಕಾರರ ಓಣಿಯ ಶಾಲೆಗೆ ಫ್ಯಾನ್ ರಿಪೇರಿಗೆಂದು ಹೋದಾಗ, ಮಕ್ಕಳು ಒದ್ದೆ ಕೈಯಲ್ಲಿ ಸ್ವಿಚ್ ಒತ್ತುವುದನ್ನು ಕಂಡು ಕೂಗಾಡಿಬಿಟ್ಟಿದ್ದ. ಸುಮಂಗಲಾ ಟೀಚರ್ ನಕ್ಕರು. "ಬರೇ ಬೈದ್ರ ಏನ್ ಬಂತ್ರಿ? ಶನಿವಾರ ಬಂದು ಕಲಸ್ರಿ."

ಕಲಿಸಿದ. ಗ್ಯಾಸ್ ವಾಸನೆ ಬಂದರೆ ಏನು ಮಾಡಬೇಕು, ಸುಟ್ಟ ಗಾಯಕ್ಕೆ ಮೊದಲು ಏನು ಹಾಕಬೇಕು, ಎಲ್ಲ. ಕರೆಂಟಿನ ಪಾಠಕ್ಕೆಂದು ಹಲಗೆಯೊಂದಕ್ಕೆ ಮೇನ್ ಸ್ವಿಚ್, ಫ್ಯೂಜು ಬಡಿದುಕೊಂಡು ಬಂದ. ಅವತ್ತು ಐದನೇ ತರಗತಿಯ ರಾಜೇಶ್ರೀ ಎದ್ದು ನಿಂತು ಕೇಳಿದಳು:

"ಅವ್ವಗ ಕರೆಂಟ್ ಹಿಡದ್ರೂ ಮುಟ್ಟಬಾರದೇನ್ರಿ ಕಾಕಾ?"

"ಮುಟ್ಟಬಾರದು. ಮೊದಲ ಮೇನ್ ಬಂದ್ ಮಾಡು. ನೀನೂ ಹತ್ಕೊಂಡ್ರ ಮಂದಿ ಎರಡು ಹೆಣ ಹೊರಬೇಕಾಗ್ತದ."

ಮೃದುವಾಗಿ ಹೇಳಲು ಅವನಿಗೆ ಬಾರದು. ಇಬ್ಬರು ಹುಡುಗಿಯರು ಅಳುತ್ತಾ ಮನೆಗೆ ಹೋದರು. ಮುಂದಿನ ಶನಿವಾರ ಶಿವಲಿಂಗ ಬಂದ, ಆ ಮಾತು ಆಡಿದ. ಅಮೋಘಪ್ಪ ತಂತಿ ಕತ್ತರಿಸುವ ಪಕ್ಕಡವನ್ನು ಮೇಜಿನ ಮೇಲೆ ಕುಕ್ಕಿ, "ನೀವೇ ಕಲಸ್ಕೋರಿ!" ಎಂದು ಎದ್ದು ಹೋದ.

ಹಲಗೆ ಶಾಲೆಯಲ್ಲೇ ಉಳಿದಿತ್ತು. ಎಂಟು ದಿನ ಬಿಟ್ಟು ಅದನ್ನು ಹೊತ್ತುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟಿದ್ದ. ಮಳೆ ಆಗಷ್ಟೇ ನಿಂತಿತ್ತು. ಓಣಿಯ ತಗಡಿನ ಮನೆಯೊಂದರ ಮುಂದೆ ರಾಜೇಶ್ರೀಯ ತಾಯಿ ದುಂಡಮ್ಮ ಬಟ್ಟೆ ಹಾಕುವ ತಂತಿ ಹಿಡಿದು ನಿಂತಿದ್ದಳು. ಮುಷ್ಟಿ ಬಿಗಿದಿತ್ತು, ಬಾಯಿ ತೆರೆದಿತ್ತು, ಧ್ವನಿ ಮಾತ್ರ ಇರಲಿಲ್ಲ. ಮನೆಗೆ ಬಂದ ವೈರಿನ ಸಿಪ್ಪೆ ಸುಲಿದು ಆ ತಂತಿಗೆ ತಾಗಿತ್ತು.

ಹಲಗೆ ಎಸೆದು ಓಡಿದ. ಇಪ್ಪತ್ತೈದು ವರ್ಷ ಕರೆಂಟಿನ ಜೊತೆ ಬದುಕಿದವನು, ಆ ಗಳಿಗೆಯಲ್ಲಿ ಎಲ್ಲ ಮರೆತ. ದುಂಡಮ್ಮನ ತೋಳಿಗೆ ಕೈ ಚಾಚಿದ. ಇನ್ನೊಂದು ಗೇಣು ಉಳಿದಿತ್ತು. ಮುಂಗೈ ಮೇಲೆ ಚಟ್ಟನೆ ಪೆಟ್ಟು ಬಿತ್ತು. ಒಳಗಿನಿಂದ ಒಣ ತೊಗರಿ ಕಟ್ಟಿಗೆ ಹಿಡಿದು ಬಂದ ರಾಜೇಶ್ರೀ ಅವನಿಗೇ ಬಾರಿಸಿದ್ದಳು.

"ಮುಟ್ಟಬ್ಯಾಡ್ರಿ ಕಾಕಾ! ಮೇನ್! ಬಾಗಲ ಮ್ಯಾಲ ಅದ, ನಂಗ ನಿಲುಕವಲ್ದು!"

ಒಳಗೆ ಹಾರಿ ಮೇನ್ ಎಳೆದ. ದುಂಡಮ್ಮ ಕುಸಿದು ಬಿದ್ದಳು. ಒಂದು ಉಸಿರು ಬರುವುದಕ್ಕೆ ಎಷ್ಟು ಹೊತ್ತು ಹಿಡಿಯಿತೋ, ಮಗಳು ಕಣ್ಣು ಮಿಟುಕಿಸದೆ ನಿಂತಿದ್ದಳು. ಉಸಿರು ಬಂತು. ದುಂಡಮ್ಮನ ಎರಡು ಬೆರಳು ಮಾತ್ರ ಮಡಚಿಕೊಂಡೇ ಉಳಿದವು.

ಓಣಿಯವರು ಓಡಿ ಬಂದಾಗ ಕಂಡದ್ದು ಮೇನ್ ಮೇಲಿದ್ದ ಅಮೋಘಪ್ಪನ ಕೈ. "ಅಮೋಘಪ್ಪಣ್ಣ ಜೀವ ಉಳಸ್ದ!" ಎಂಬ ಸುದ್ದಿ, ಅವಳನ್ನು ಆಸ್ಪತ್ರೆಗೆ ಒಯ್ಯುವ ಆಟೋಗಿಂತ ಮೊದಲೇ ಊರು ಸುತ್ತಿತು. ಇಲ್ಲ, ಉಳಿಸಿದ್ದು ಈ ಹುಡುಗಿ ಅನ್ನಲು ಅವನು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಶಿವಲಿಂಗ ಬಂದು ಎರಡೂ ಕೈ ಹಿಡಿದುಕೊಂಡ.

"ನಂದು ತಪ್ಪಾತ್ರೀ ಅಣ್ಣಾ. ಮತ್ತ ಸಾಲಿಗಿ ಬರ್ರಿ."

ಶಿವಲಿಂಗನ ಬಾಯಿಂದ ಈ ಮಾತು ಕೇಳಿದ ಮೇಲೆ, ನಾನೇ ಮುಟ್ಟಲು ಹೋಗಿದ್ದೆ ಅಂತ ಅವನಿಗೇ ಹೇಳುವುದು ಹೇಗೆ? "ಬರ್ತೀನ್ರಿ," ಎಂದ ಅಮೋಘಪ್ಪ.

ಜನವರಿ ಇಪ್ಪತ್ತಾರಕ್ಕೆ ಶಾಲು ಹೊದಿಸಿದರು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು, ರಾಜೇಶ್ರೀಯೂ ತಟ್ಟಿದಳು. ಕಾರ್ಯಕ್ರಮ ಮುಗಿದ ಮೇಲೆ ಅವಳನ್ನು ಗೋಡೆಯ ಹತ್ತಿರ ಹಿಡಿದ.

"ಏನರೇ ಬೇಕೇನವ್ವಾ?"

"ಏನೂ ಬ್ಯಾಡ್ರಿ. ನಿಮ್ ಕೈ ಬ್ಯಾನಿ ಕಮ್ಮಿ ಆತೇನ್ರಿ?"

"ಆತು," ಎಂದ.

ಶನಿವಾರದ ಪಾಠ ಈಗಲೂ ನಡೆಯುತ್ತದೆ. ರಾಜೇಶ್ರೀ ಕಲಬುರಗಿಯ ಹಾಸ್ಟೆಲ್ಲಿಗೆ ಸೇರಿ ಎರಡು ವರ್ಷವಾಯಿತು. ಊರೆದುರಿಗೆ ಅವಳ ಹೆಸರು ಹೇಳಬೇಕಾಗಿದ್ದ ಅಮೋಘಪ್ಪ ಇನ್ನೂ ಹೇಳಿಲ್ಲ.