ಜುಂಜಮ್ಮ ಹೊರಗೆ ಕೂತದ್ದು

ಜುಂಜಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹಟ್ಟಿಯವರೆಲ್ಲ ಹೇಳುತ್ತಿದ್ದರು. ಹೇಳುವವರಿಗೇನು, ನಾಲಿಗೆಗೆ ಎಲುಬಿಲ್ಲ. ಕೋಳಿ ಕೂಗುವ ಮುಂಚೆ ಎದ್ದು ರಾಗಿ ಬೀಸಿ, ಮೈಲಿ ದೂರದಿಂದ ನೀರು ಹೊತ್ತು, ಎಂಬತ್ತು ಕುರಿಯ ರೊಪ್ಪ ಗುಡಿಸಿ, ಹಿಕ್ಕೆ ಹೊತ್ತು, ಮತ್ತೆ ಒಲೆ ಮುಂದೆ ಕೂತು ಮುದ್ದೆ ತಿರುವುವ ಹೆಂಗಸಿಗೆ ಸಿಟ್ಟು ಮೂಗಿನ ತುದಿಯಲ್ಲಿ ಇರದೆ ಇನ್ನೆಲ್ಲಿ ಇರಬೇಕು? ಅಂಗಾಲಲ್ಲೇ?

ಹುಳಿಯಾರಿನ ಕಡೆಯ ಗುಡ್ಡದ ಮಗ್ಗುಲಲ್ಲಿ, ಮುಳ್ಳುಬೇಲಿ ಸುತ್ತಿದ ಇಪ್ಪತ್ತು ಮನೆಯ ಹಟ್ಟಿ ಅದು. ಜುಂಜಮ್ಮನ ಗಂಡ ಎತ್ತಪ್ಪ. ಕುರಿಗಳ ಜೊತೆ ದಿನವಿಡೀ ಮಾತಾಡುತ್ತಿದ್ದ, ಮನುಷ್ಯರ ಮುಂದೆ ಬಾಯಿಗೆ ಬೀಗ. ಅವನ ಅಣ್ಣ ಕಾಟಯ್ಯ ಹಟ್ಟಿಯ ದೇವರ ಪೂಜಾರಿ. ದೇವರು ಮಾತಾಡದೆ ಇರುವುದರಿಂದ ದೇವರ ಪಾಲಿನ ಮಾತನ್ನೂ ಅವನೇ ಆಡುತ್ತಿದ್ದ. ಅವನ ಹೆಂಡತಿ ಕರಿಯಕ್ಕ, ಜುಂಜಮ್ಮನಿಗೆ ವಾರಗಿತ್ತಿ. ಎರಡು ಮನೆಗೂ ಒಂದೇ ಅಂಗಳ.

ನೂಲುವುದು ಜುಂಜಮ್ಮನಿಗೆ ಹುಟ್ಟಿನಿಂದ ಬಂದದ್ದು. ಚಿಕ್ಕವಳಿದ್ದಾಗ ಕುರಿ ಹಿಂದೆ ನಡೆಯುತ್ತಲೇ ಕದಿರು ತಿರುಗಿಸುತ್ತಿದ್ದಳು. ಆದರೆ ಹೆಣೆಯುವುದು ಮಾತ್ರ ಬೇರೆಯವರ ಜಗಲಿಯಲ್ಲಿ ಸಿಕ್ಕ ವಿದ್ಯೆ. ಎಪ್ಪತ್ತಾರನೇ ಇಸವಿಯ ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಚಿಕ್ಕನಾಯಕನಹಳ್ಳಿ ಹತ್ತಿರದ ಒಂದು ತೆಂಗಿನ ತೋಟದಲ್ಲಿ ಏಳು ದಿನ ಮಂದೆ ನಿಲ್ಲಿಸಿದ್ದರು. ತೋಟದ ಬಸವರಾಜಪ್ಪನವರ ಹೆಂಡತಿ ಸುವರ್ಣಮ್ಮ ಮಧ್ಯಾಹ್ನ ಜಗಲಿಯ ಮೇಲೆ ಕೂತು ತಿಪಟೂರಿನಿಂದ ತರಿಸಿದ ಗುಲಾಬಿ ಬಣ್ಣದ ಉಲ್ಲನ್ನು ಹೆಣೆಯುತ್ತಿದ್ದರು.

"ಅದೇನ್ರವ್ವಾ ಅದು, ಎರಡು ಕಡ್ಡಿ ಹಿಡ್ಕಂಡು ಗುದ್ದಾಡುಸ್ತಾ ಇದೀರಲ್ಲ?" ಎಂದಳು ಜುಂಜಮ್ಮ.

"ಸ್ವೆಟರ್ ಕಣೇ. ಹೊತ್ತು ಹೋಗ್ಬೇಕಲ್ಲ. ಬಾ, ಕೂತ್ಕೋ, ತೋರಿಸ್ತೀನಿ."

ಹೊತ್ತು ಹೋಗಬೇಕಂತೆ! ಜುಂಜಮ್ಮನಿಗೆ ನಗು ಬಂತು. ತನ್ನ ಹೊತ್ತು ಎಂದೂ ಹೋಗದೆ ನಿಂತಿದ್ದಿಲ್ಲ, ಹಿಡಿಯೋಣವೆಂದರೆ ಸಿಕ್ಕಿದ್ದೂ ಇಲ್ಲ. ಆದರೂ ಏಳು ದಿನದಲ್ಲಿ ಸೀದಾ ಹೆಣಿಗೆ, ಉಲ್ಟಾ ಹೆಣಿಗೆ ಎರಡೂ ಕಲಿತಳು. ಹುಳಿಯಾರಿನ ಸೈಕಲ್ ಶಾಪಿನಿಂದ ಎರಡು ಹಳೆಯ ಚಕ್ರದ ಕಡ್ಡಿ ತಂದು, ತುದಿಯನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿಕೊಂಡಳು. ಮರಿಗಳ ಮೊದಲ ಸಲದ ಉಣ್ಣೆ ಮೆತ್ತಗಿರುತ್ತದೆ, ಚುಚ್ಚುವುದಿಲ್ಲ. ಅದನ್ನೇ ತೆಗೆದಿಟ್ಟು ಸಣ್ಣಗೆ ನೂತಳು. ಕೈಯೊಳಗೆ ಎಳೆ ಹರಿಯತೊಡಗಿದರೆ ಅವಳ ತಲೆಯೊಳಗಿನ ಗದ್ದಲವೆಲ್ಲ ನಿಂತುಹೋಗುತ್ತಿತ್ತು. ಒಂದು ಸಾಲು ಮುಗಿದು ಇನ್ನೊಂದು ಸಾಲು ಏರುವಾಗ, ಇದು ನಾನು ಮಾಡಿದ್ದು, ಯಾರೂ ಹೇಳದೆ ಮಾಡಿದ್ದು ಎಂದು ಒಬ್ಬಳೇ ಹಿಗ್ಗುತ್ತಿದ್ದಳು.

ಆದರೆ ಯಾವಾಗ ಹೆಣೆಯಬೇಕು? ಮನೆಯಲ್ಲಿ ಕಡ್ಡಿ ಹಿಡಿದು ಕೂತರೆ ಐದು ನಿಮಿಷ ಆಗುತ್ತಿರಲಿಲ್ಲ, "ಜುಂಜಿ, ನೀರಿಲ್ಲ", "ಜುಂಜಿ, ಸೌದೆ", "ಜುಂಜಿ, ಮರಿ ಬಿಟ್ಕಂತು." ಅವಳ ಕೈ ಖಾಲಿಯಾಗುತ್ತಿದ್ದದ್ದು ತಿಂಗಳಲ್ಲಿ ಮೂರೇ ದಿನ. ಆ ಹಟ್ಟಿಯಲ್ಲಿ ಹೆಂಗಸು ಮುಟ್ಟಾದರೆ ಹೊರಗಾದಳು ಎಂದು ಲೆಕ್ಕ. ಮುಳ್ಳುಬೇಲಿಯ ಆಚೆ ತೆಂಗಿನ ಗರಿ ಹೊದಿಸಿದ ಗುಡ್ಲು, ಎದ್ದು ನಿಂತರೆ ತಲೆ ತಾಗುವಂಥದು, ಅಲ್ಲಿರಬೇಕು. ಅನ್ನ ನೀರು ದೂರದಿಂದ ಇಟ್ಟು ಹೋಗುತ್ತಾರೆ. ಗಂಡಸರು ಹತ್ತು ಮಾರು ಆಚೆಯೇ ನಿಲ್ಲಬೇಕು. ಮಳೆ ಬಂದರೂ ಅಲ್ಲೇ, ಹಾವು ಬಂದರೂ ಅಲ್ಲೇ. ಆ ಗುಡ್ಲನ್ನು ಹೊಗಳುವ ಬಾಯಿಗೆ ಹುಳ ಬೀಳಲಿ. ಆದರೂ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ: ಆ ಮೂರು ದಿನ ಜುಂಜಮ್ಮನನ್ನು ನೀರು ತಾ ಎನ್ನುವ ಗಂಡು ಹಟ್ಟಿಯಲ್ಲಿ ಇರಲಿಲ್ಲ. ಅವಳು ಕದಿರು, ಕಡ್ಡಿ, ಉಣ್ಣೆಯ ಚೀಲ ತೆಗೆದುಕೊಂಡು ಹೋಗಿ ಕೂತುಬಿಡುತ್ತಿದ್ದಳು. ನಾಯಿಗಿಂತ ಕಡೆ ಮಾಡಿ ಆಚೆ ಕೂರಿಸಿದ್ದಾರಲ್ಲ ಎಂಬ ಸಿಟ್ಟೂ ಇತ್ತು, ಕೈತುಂಬ ಹೊತ್ತು ಸಿಕ್ಕಿತಲ್ಲ ಎಂಬ ಖುಷಿಯೂ ಇತ್ತು. ಒಮ್ಮೆ ಸುವರ್ಣಮ್ಮನವರ ಹತ್ತಿರ ಈ ಮಾತು ಬಂದಾಗ ಅವರು, "ನಮ್ಮಲ್ಲಿ ಲಿಂಗ ಕಟ್ಕೊಂಡೋರಿಗೆ ಮುಟ್ಟುಗಿಟ್ಟು ಏನೂ ಇಲ್ಲ ಕಣೇ" ಎಂದಿದ್ದರು. ಜುಂಜಮ್ಮ, "ನಿಮ್ಮ ಪುಣ್ಯ ಕಣ್ರವ್ವ" ಎಂದಿದ್ದಳು.

ಎರಡು ಚಳಿಗಾಲದಲ್ಲಿ ಅವಳು ಹತ್ತೊಂಬತ್ತು ಕುಲಾವಿ ಹೆಣೆದಳು. ಕಿವಿ ಮುಚ್ಚಿ ಗದ್ದದ ಕೆಳಗೆ ದಾರ ಕಟ್ಟುವ ಕಪ್ಪು ಕುಲಾವಿಗಳು. ಹಟ್ಟಿಯ ಮಕ್ಕಳೆಲ್ಲ ಹಾಕಿಕೊಂಡರು, ಮುದುಕರು ಕೇಳಿ ಹಾಕಿಸಿಕೊಂಡರು. ಕಾಟಯ್ಯನಂತೂ ಬೆಳಗಿನ ಪೂಜೆಗೆ ಕುಲಾವಿ ಇಲ್ಲದೆ ಹೊರಡುತ್ತಲೇ ಇರಲಿಲ್ಲ. "ಕಂಬಳೀನೇ ತಲೆಗೆ ಸುತ್ಕಂಡಂಗೈತೆ ಕಣವ್ವ" ಎಂದು ಹೊಗಳಿದ್ದ. ಯಾವಾಗ ಹೆಣೆದೆ, ಎಲ್ಲಿ ಕೂತು ಹೆಣೆದೆ ಎಂದು ಒಬ್ಬನೂ ಕೇಳಲಿಲ್ಲ. ಹೆಂಗಸು ಮಾಡಿದ ಕೆಲಸ ತಾನೇ ಆಗುತ್ತದೆ ಎಂದು ಗಂಡಸರು ತಿಳಿದಿದ್ದರು.

ಎಪ್ಪತ್ತೆಂಟರ ಕಾರ್ತಿಕದಲ್ಲಿ ಒಂದೇ ವಾರಕ್ಕೆ ಐದು ಕುರಿ ದಿನ ತುಂಬದೆ ಕಂದು ಹಾಕಿದವು. ದನದ ಡಾಕ್ಟರು ಬಂದು ನೋಡಿ, ಇದು ಅಂಟುಬೇನೆ, ಸೂಜಿ ಹಾಕಿಸಿ ಎಂದರು. ಡಾಕ್ಟರ ಮಾತು ಯಾರಿಗೆ ಬೇಕು! ಕಾಟಯ್ಯ ಗುಡಿ ಮುಂದೆ ಹಟ್ಟಿಯವರನ್ನು ಕೂಡಿಸಿ, ಹಟ್ಟಿಯೊಳಗೆ ಎಲ್ಲೋ ಮೈಲಿಗೆ ಸೇರಿದೆ ಎಂದ. ಯಾರ ಮೇಲೆ ಹೊರಿಸುವುದೆಂದು ಹೊಳೆಯದೆ ಕೊನೆಗೆ ಜುಂಜಮ್ಮನ ಕಡೆ ತಿರುಗಿ, "ಈ ವಮ್ಮ ಮನೆ ಕೆಲಸ ಬುಟ್ಟು ಮೂರು ಹೊತ್ತೂ ಕಡ್ಡಿ ಆಡುಸ್ತಾ ಕೂತಿರ್ತಾಳೆ. ದರಿದ್ರ ಇನ್ನೆಲ್ಲಿಂದ ಬತ್ತದೆ?" ಎಂದ.

ಕರಿಯಕ್ಕ ಒಳ್ಳೆಯವಳು. ವಾರಗಿತ್ತಿಯ ಪರವಾಗಿ ಬಾಯಿ ಹಾಕಿದಳು. "ಸುಳ್ಳು ಹೇಳ್ಬ್ಯಾಡ. ಒಳಗಿದ್ದಾಗ ಅವಳ್ಗೆ ಹೆಣಿಯೋಕೆ ಪುರುಸೊತ್ತೆಲ್ಲೈತೆ? ಹೆಣಿಯೋದೆಲ್ಲ ಹೊರಗೆ ಕೂತಾಗ್ಲೇ."

ಅಂದವಳೇ ಬಾಯಿ ಮುಚ್ಚಿಕೊಂಡಳು. ಆಡಿದ ಮಾತು ಒಡೆದ ಮುತ್ತು, ಏನು ಮಾಡಿದರೂ ಕೂಡುವುದಿಲ್ಲ.

ಆಮೇಲೆ ನಡೆದದ್ದನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಅಳುವ ಮಕ್ಕಳ ತಲೆಯಿಂದ ಕುಲಾವಿ ಕಿತ್ತರು. ಕಾಟಯ್ಯ ತನ್ನದನ್ನು ಕೋಲಿನ ತುದಿಯಿಂದ ಎತ್ತಿ ಹಾಕಿದ, ನಿನ್ನೆಯವರೆಗೆ ಕಿವಿ ಮುಚ್ಚಿದ್ದನ್ನೇ. ಬೇಲಿಯ ಹತ್ತಿರ ಹತ್ತೊಂಬತ್ತನ್ನೂ ಗುಡ್ಡೆ ಹಾಕಿ ಸೀಮೆಎಣ್ಣೆ ಸುರಿದರು. ಉಣ್ಣೆ ಹತ್ತಿಯ ಹಾಗೆ ಭಗ್ಗೆಂದು ಉರಿಯುವುದಿಲ್ಲ, ನಿಧಾನಕ್ಕೆ ಕಮರುತ್ತದೆ. ಸಂಜೆಯವರೆಗೂ ಹಟ್ಟಿಯೆಲ್ಲ ಸುಟ್ಟ ಕೂದಲಿನ ನಾತ.

ಮದುವೆಯಾಗಿ ಬಂದು ಹದಿನೆಂಟು ವರ್ಷ, ಜುಂಜಮ್ಮ ಭಾವನ ಎದುರು ಸೆರಗು ಎಳೆಯದೆ ನಿಂತವಳಲ್ಲ. ಅವತ್ತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಭಾವ, ದೇವ್ರ ಗದ್ದುಗೆ ಮೇಲೆ ಹಾಸಿರೋ ಕರೀ ಕಂಬಳಿ ಐತಲ್ಲ, ಅದ್ರ ನೂಲು ಯಾರು ನೂತಿದ್ದು?"

"ನೀನೇ" ಎಂದ ಕಾಟಯ್ಯ. ಹಟ್ಟಿಗೆಲ್ಲ ಗೊತ್ತಿದ್ದ ಮಾತು.

"ಎಲ್ಲಿ ಕೂತು ನೂತೆ ಅಂತ ಕೇಳ್ಲಿಲ್ವಲ್ಲ ನೀವು? ಅದೇ ಗುಡ್ಲಲ್ಲಿ ಕಣ್ರೀ. ಹೊರಗೆ ಕೂತಾಗ್ಲೇ ನೂತಿದ್ದು. ಸುಡ್ರಿ ಮತ್ತೆ! ಅದನ್ನೂ ತಂದು ಹಾಕ್ರಿ ಇದ್ರೊಳಗೆ!"

ಕಾಟಯ್ಯ ಕೋಲನ್ನು ನೆಲಕ್ಕೆ ಊರಿದ. "ಕಂಬಳಿಗೆ ಮೈಲಿಗೆ ಇಲ್ಲ. ಉಣ್ಣೆಗೆ ಮೈಲಿಗೆ ಅಂಟಾಕಿಲ್ಲ. ಹಿಂದ್ಲಿಂದ ಬಂದಿರೋ ಮಾತು."

"ಹಂಗಾದ್ರೆ ಕುಲಾವಿ ಏನು, ತೆಂಗಿನ ನಾರಲ್ಲಿ ಮಾಡಿದ್ನಾ?"

ಉತ್ತರ ಇಲ್ಲದವನು ಕಟ್ಟಳೆ ಮಾಡುತ್ತಾನೆ. ಕಾಟಯ್ಯನೂ ಮಾಡಿದ. "ಬಾಯಿ ಜಾಸ್ತಿ ಆಯ್ತು. ಇನ್ಮೇಲೆ ಹೊರಗೆ ಕೂತೋರು ಕದಿರು ಮುಟ್ಟಂಗಿಲ್ಲ, ಕಡ್ಡಿ ಮುಟ್ಟಂಗಿಲ್ಲ. ನಾಳೆ ಬೆಳಿಗ್ಗೆ ಆ ಎರಡು ಕಡ್ಡಿ ನನ್ನ ಕೈಗೆ ಬರ್ಬೇಕು."

ಜುಂಜಮ್ಮ ಗಂಡನ ಮುಖ ನೋಡಿದಳು. ಎತ್ತಪ್ಪ ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದ. "ಥೂ, ನೀನೂ ಒಬ್ಬ ಗಂಡ್ಸು!" ಎಂದು ಹೊರಟುಬಿಟ್ಟಳು. ಒಳಗೆ ಪುರುಸೊತ್ತಿಲ್ಲ, ಹೊರಗೆ ಅಪ್ಪಣೆ ಇಲ್ಲ. ಅಂದರೆ ಈ ಜನ್ಮದಲ್ಲಿ ಇನ್ನು ಹೆಣಿಗೆ ಇಲ್ಲ ಎಂದಾಯಿತು. ಬದುಕಿನಲ್ಲಿ ತನ್ನದು ಅಂತ ಇದ್ದದ್ದು ಅದೊಂದು, ಅದನ್ನೂ ಕಿತ್ತುಕೊಳ್ಳುತ್ತಾರಲ್ಲ, ಇವರ ಮನೆ ಹಾಳಾಗ!

ಮಾರನೆಯ ಬೆಳಿಗ್ಗೆ ಕಾಟಯ್ಯ ಕಡ್ಡಿಗೆ ಕೈಯೊಡ್ಡುವ ಮುಂಚೆ ಅವಳು ಉಣ್ಣೆಯ ಚೀಲ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತು, "ನಾನು ಹೊರಗಾದೆ" ಎಂದು ಕೂಗಿ ಹೇಳಿ ಗುಡ್ಲಿಗೆ ನಡೆದಳು. ನಿಜವಾಗಿ ಮುಟ್ಟಾಗಲು ಇನ್ನೂ ಹತ್ತು ದಿನವಿತ್ತು. ಇದ್ದರೇನು, ಸುಳ್ಳೋ ನಿಜವೋ ಎಂದು ಯಾವ ಗಂಡಸು ಬಾಯಿ ಬಿಟ್ಟು ಕೇಳುತ್ತಾನೆ?

ಮೂರು ದಿನ ಕಳೆಯಿತು. ನಾಲ್ಕನೆಯ ದಿನ ಎತ್ತಪ್ಪ ಬೇಲಿಯಾಚೆ ನಿಂತು, "ಆಯ್ತಲ್ಲೇ ಮೂರು ದಿನ. ಮಿಂದು ಒಳಗೆ ಬಾ" ಎಂದ.

"ಇನ್ನೂ ಆಗಿಲ್ಲ, ಹೋಗು."

ಐದಾಯಿತು, ಆರಾಯಿತು. ಎತ್ತಪ್ಪ ತಾನೇ ತಿರುವಿದ ಮುದ್ದೆ ಗಂಟು ಗಂಟು. ರೊಪ್ಪ ಗುಡಿಸುವವರಿಲ್ಲದೆ ಹಿಕ್ಕೆ ಮಂಡಿಯುದ್ದ ಬಿತ್ತು. ಉಳಿದ ಕೆಲಸವೆಲ್ಲ ಕರಿಯಕ್ಕನ ತಲೆಗೆ. ಅದೊಂದಕ್ಕೇ ಜುಂಜಮ್ಮ ಮರುಗುತ್ತಿದ್ದದ್ದು. ದಿನಾ ಅನ್ನ ಇಟ್ಟು ಹೋಗುವ ಕರಿಯಕ್ಕ, "ನನ್ನ ಬಾಯಿಂದ್ಲೇ ಆಯ್ತಲ್ಲೇ ಜುಂಜಿ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಜುಂಜಮ್ಮ ಬೈಯಲಿಲ್ಲ. ಹೆಣೆದಳು. ಎಂಟು ದಿನಕ್ಕೆ ಒಂದು ತುಂಬುತೋಳಿನ ಸ್ವೆಟರಿನ ಬೆನ್ನು ಮುಗಿಯಿತು, ಎದೆ ಅರ್ಧವಾಯಿತು. ಕುಲಾವಿಯಲ್ಲ, ಮಕ್ಕಳದ್ದಲ್ಲ. ತನ್ನ ಮೈ ಅಳತೆಯದ್ದು.

ಎಂಟನೆಯ ದಿನ ಕಾಟಯ್ಯ ಬಂದ. ಹತ್ತು ಮಾರು ದೂರದಲ್ಲಿ ನಿಂತು, "ಕಡ್ಡಿ ಕೊಡು" ಎಂದ.

"ಬಂದು ತಗೋ ಭಾವ" ಎಂದಳು. ಬಹುವಚನ ಅವತ್ತಿಗೆ ಸತ್ತಿತು. ಎದ್ದು ಎರಡು ಹೆಜ್ಜೆ ಮುಂದೆ ಬಂದು ಕಡ್ಡಿ ಚಾಚಿದಳು. ಕಾಟಯ್ಯ ಎರಡು ಹೆಜ್ಜೆ ಹಿಂದೆ ಹೋದ. ಇನ್ನೆರಡು ಹೆಜ್ಜೆ ಇಟ್ಟಳು, ಅವನು ಬೇಲಿಗೆ ಬೆನ್ನು ತಾಗಿ ಮುಳ್ಳು ಚುಚ್ಚಿಸಿಕೊಂಡ.

"ಹಟ ಮಾಡಿದ್ರೆ ಎತ್ತಪ್ಪಂಗೆ ಬ್ಯಾರೆ ಮದ್ವೆ ಮಾಡ್ತೀನಿ, ನೋಡ್ಕ!"

"ಮಾಡು! ಆ ಹುಡುಗೀನೂ ತಿಂಗಳಿಗೊಂದು ಸಲ ಇಲ್ಲಿಗೇ ಬರ್ಬೇಕಲ್ಲ? ಅವಳ್ಗೂ ಹೆಣಿಯೋದು ಹೇಳ್ಕೊಡ್ತೀನಿ."

ಅಷ್ಟರಲ್ಲಿ ಬೇಲಿಯ ದಾರಿಯಿಂದ ಕರಿಯಕ್ಕ ಬಂದಳು. ಕಂಕುಳಲ್ಲಿ ಚಾಪೆ, ಕೈಯಲ್ಲಿ ತಟ್ಟೆ ಲೋಟ. ಗಂಡನ ಕಡೆ ತಿರುಗಿಯೂ ನೋಡದೆ, "ಸರ್ಕಂಡು ಕೂತ್ಕಳೇ ಜುಂಜಿ, ನಾನೂ ಹೊರಗಾದೆ" ಎಂದಳು.

"ಏನಂದೆ? ಹತ್ತು ದಿನದ ಕೆಳಗೆ ತಾನೇ ಮುಗಿಸ್ಕಂಡು ಒಳಗೆ ಬಂದ್ಯಲ್ಲೇ!" ಕಾಟಯ್ಯ ಅರಚಿದ.

"ಅದನ್ನೂ ಎಣುಸ್ಕಂಡು ಕೂತಿದ್ಯಾ? ನಾಚ್ಕೆ ಆಗಲ್ವಾ?" ಎನ್ನುತ್ತ ಕರಿಯಕ್ಕ ಗುಡ್ಲಿನೊಳಗೆ ಚಾಪೆ ಬಿಡಿಸಿದಳು. "ಸೌದೆ ಮುಗ್ದೈತೆ. ರಾಗಿ ಹಸಿಟ್ಟು ಮಡಕೇಲೈತೆ. ಮುದ್ದೆಗೆ ಎಸರು ಕುದ್ದ ಮೇಲೆ ಹಾಕು, ಮೊದ್ಲೇ ಸುರೀಬ್ಯಾಡ."

ಎರಡು ಮನೆ, ಎರಡು ಒಲೆ, ಒಂದು ಹೆಂಗಸೂ ಇಲ್ಲ. ಅದು ಈಗ ಕಾಟಯ್ಯನ ತಲೆಗೆ ಹೋಯಿತು. ದನಿ ತಗ್ಗಿಸಿದ. "ಏನಾಗ್ಬೇಕು ಹೇಳ್ರವ್ವ. ಕಡ್ಡಿ ಇಟ್ಕಳ್ರಿ. ಹೊರಗಾದ್ರೂ ಹೆಣೀರಿ, ಒಳಗಾದ್ರೂ ಹೆಣೀರಿ. ಮೊದ್ಲು ಎದ್ದು ಬರ್ರಿ."

ಜುಂಜಮ್ಮ ಚೀಲಕ್ಕೆ ಕೈ ಹಾಕಿ ಎರಡು ತೋಳು ತುಂಬ ಉಣ್ಣೆ ತೆಗೆದಳು. ಹಿಂಜದ ಉಣ್ಣೆ, ಮುಳ್ಳು ಕಸ ಕಡ್ಡಿ ಎಲ್ಲ ಸೇರಿದ್ದು. ಅದನ್ನು ಎತ್ತಿ ಅವನ ಕಾಲ ಬುಡಕ್ಕೆ ಎಸೆದಳು.

"ಹತ್ತೊಂಬತ್ತು ಕುಲಾವಿ ಸುಟ್ಟೆ. ಹತ್ತೊಂಬತ್ತಕ್ಕೂ ಉಣ್ಣೆ ನೀನೇ ಹಿಂಜಿ ಕೊಡು. ಕೊಟ್ಟ ದಿನ ಬತ್ತೀವಿ. ಉಣ್ಣೆಗೆ ಮೈಲಿಗೆ ಇಲ್ಲ ಅಂದಿದ್ದು ನೀನೇ ತಾನೇ? ತಗೋ."

ಕಾಟಯ್ಯ ಉಣ್ಣೆಯನ್ನೇ ನೋಡುತ್ತ ನಿಂತ. ಮುಟ್ಟದೆ ಹೋದರೆ ಉಣ್ಣೆಗೆ ಮೈಲಿಗೆ ಇದೆ ಎಂದಾಗುತ್ತದೆ, ದೇವರ ಗದ್ದುಗೆಯ ಕಂಬಳಿ ಸುಡಬೇಕಾಗುತ್ತದೆ. ಬೇಲಿಯಾಚೆ ಆಗಲೇ ಹಟ್ಟಿಯ ಅರ್ಧ ಜನ ಸೇರಿದ್ದರು. ಎತ್ತಪ್ಪನೂ ಇದ್ದ, ಹೆಂಡತಿಯನ್ನು ಮೊದಲ ಸಲ ಕಂಡವನ ಹಾಗೆ ನೋಡುತ್ತಿದ್ದ. ಕಾಟಯ್ಯ ಆ ಕಡೆ ನೋಡಿದ, ಈ ಕಡೆ ನೋಡಿದ. ಕೊನೆಗೆ ಪಂಚೆ ಎತ್ತಿ ಕಟ್ಟಿ ಕುಕ್ಕುರುಗಾಲಲ್ಲಿ ಕೂತು, ಒಂದು ಹಿಡಿ ಉಣ್ಣೆ ತೆಗೆದುಕೊಂಡು ಹಿಂಜತೊಡಗಿದ.

ಕರಿಯಕ್ಕ ಬಾಯಿಗೆ ಸೆರಗು ತುರುಕಿಕೊಂಡಳು. ಜುಂಜಮ್ಮನಿಗೆ ನಗು ಬರಲಿಲ್ಲ, ಸಿಟ್ಟೂ ಇಳಿದಿರಲಿಲ್ಲ. ಅವನ ಬೆರಳನ್ನೇ ನೋಡುತ್ತ ನಿಂತಳು.

"ಹಂಗಲ್ಲ ಭಾವ, ಮುಳ್ಳು ಹಂಗೇ ಉಳೀತು" ಎಂದಳು. "ಮೊದ್ಲಿಂದ ಹಿಂಜು."