ನಾಚಣಿ ಗಂಜಿ ಮತ್ತು ಸಾಖರಪುಡಾ

ನಾಚಣಿ ಗಂಜಿ ಮಾಡಲು ಬುದ್ಧಿ ಹೆಚ್ಚೇನೂ ಬೇಕಿಲ್ಲ. ಒಲೆಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವ ತಾಳ್ಮೆ ಇದ್ದರೆ ಸಾಕು. ಬೆಂಗಳೂರಿನವರು ರಾಗಿ ಅನ್ನುವುದನ್ನು ಖಾನಾಪುರದ ಕಡೆ ಕನ್ನಡದವರೂ ಮರಾಠಿಯವರೂ ನಾಚಣಿ ಅನ್ನುತ್ತಾರೆ. ಅದರ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಕುದಿಯುವ ನೀರಿಗೆ ಸಣ್ಣಗೆ ಸುರಿಯುತ್ತ, ಕೈ ಬಿಡದೆ ತಿರುವುತ್ತಿರಬೇಕು. ಹಸಿ ವಾಸನೆ ಹೋಗಿ, ಮಳೆ ಬಿದ್ದ ಮಣ್ಣಿನಂಥ ಒಂದು ಕಂಪು ಎದ್ದಾಗ ಚಿಟಿಕೆ ಉಪ್ಪು ಹಾಕಿ ಇಳಿಸಬೇಕು. ಆರಿದ ಮೇಲೆ ಮಜ್ಜಿಗೆ, ಬೇಕೆನಿಸಿದರೆ ಜಜ್ಜಿದ ಜೀರಿಗೆ. ಅಲ್ಲಿಗೆ ಮುಗಿಯಿತು. ಓದುಗ ಮಿತ್ರರೇ, ಇಷ್ಟು ಹೇಳಿದ ಕೂಡಲೇ ನಿಮ್ಮಲ್ಲಿ ಅನೇಕರು 'ಸಕ್ಕರೆ ಯಾವಾಗ ಹಾಕಬೇಕು?' ಎಂದು ಕೇಳುತ್ತೀರಿ ಎಂಬುದು ನನಗೆ ಗೊತ್ತು. ಹಾಕಬಾರದು. ಇಷ್ಟು ಸಣ್ಣ ಮಾತನ್ನು ಗಟ್ಟಿಯಾಗಿ ಹೇಳಲು ನಮ್ಮ ಬಳಗದಲ್ಲಿ ಒಬ್ಬ ಹುಡುಗಿ ತನ್ನ ಮದುವೆಯನ್ನೇ ಪಣಕ್ಕೆ ಇಡಬೇಕಾಯಿತು.

ಬೆಳಗಾವಿಯಲ್ಲಿ ಸಕ್ಕರೆ ತಾಗದೆ ಯಾವ ಸಂಗತಿಯೂ ಖರೆ ಆಗುವುದಿಲ್ಲ. ಮಗ ಪಾಸಾದರೆ ಪೇಢೆ, ಮೂರನೆಯ ಯತ್ನದಲ್ಲಿ ಪಾಸಾದರೆ ಇನ್ನೂ ದೊಡ್ಡ ಪೇಢೆ. ವರ್ಗಾವಣೆಯಾದರೆ ಕುಂದಾ, ಅದು ರದ್ದಾದರೂ ಕುಂದಾ. ನಾನು ದುಡಿಯುತ್ತಿದ್ದ ದಿನಪತ್ರಿಕೆಯ ಕಚೇರಿಗೆ ಎಪ್ಪತ್ತರ ದಶಕದಲ್ಲಿ ಬರುತ್ತಿದ್ದ ಪತ್ರಿಕಾ ಪ್ರಕಟಣೆಗಳಲ್ಲಿ ಸುದ್ದಿಯ ತೂಕಕ್ಕಿಂತ ಜೊತೆಗಿದ್ದ ಸಿಹಿ ಡಬ್ಬಿಯ ತೂಕವೇ ಹೆಚ್ಚಿರುತ್ತಿತ್ತು. ಒಳಗೆ ನೋಡಿದರೆ ಅಲ್ಲೂ ಅದೇ ಪಾಕ: 'ಜನಾನುರಾಗಿ', 'ಕೊಡುಗೈ ದಾನಿ', 'ಸರಳ ಸಜ್ಜನಿಕೆಯ ಸಾಕಾರಮೂರ್ತಿ'. ಡೆಸ್ಕಿನಲ್ಲಿ ಕುಳಿತು ಅವನ್ನೆಲ್ಲ ಹೊಡೆದು ಹಾಕಿದ ಮೇಲೆ ಉಳಿಯುತ್ತಿದ್ದದ್ದು, ಒಬ್ಬ ಮನುಷ್ಯ ಒಂದು ಅಂಗಡಿಯ ಬಾಗಿಲು ತೆರೆದನೆಂಬ ಒಂದು ಸಾಲು. ಡಬ್ಬಿಯನ್ನು ಸಹೋದ್ಯೋಗಿಗಳು ಖಾಲಿ ಮಾಡುತ್ತಿದ್ದರು; ಸಾಲನ್ನು ನಾನು ಒಳಪುಟಕ್ಕೆ ಕಳಿಸುತ್ತಿದ್ದೆ. ಮದುವೆ ನಿಶ್ಚಯಕ್ಕೂ ನಮ್ಮ ಕಡೆಯ ಹೆಸರು ಸಾಖರಪುಡಾ, ಅಂದರೆ ಸಕ್ಕರೆಯ ಪೊಟ್ಟಣ. ಎರಡು ಮನೆತನಗಳು ಪರಸ್ಪರ ಬಾಯಿಗೆ ಸಕ್ಕರೆ ಹಾಕುತ್ತವೆ. ಬಾಯಿ ತುಂಬಿದ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ ಎಂಬುದೇ ಈ ಪದ್ಧತಿಯ ದೊಡ್ಡ ಅನುಕೂಲವೆಂದು ನನ್ನ ಅನುಮಾನ.

ನನ್ನ ಅಕ್ಕನನ್ನು ಕೊಟ್ಟದ್ದು ಖಾನಾಪುರಕ್ಕೆ. ಭಾವ ಅಲ್ಲಿಯ ತಾಲೂಕು ಕಚೇರಿಯಲ್ಲಿ ಕಾರಕೂನರಾಗಿದ್ದು ನಿವೃತ್ತರಾದವರು. ಅವರ ಒಬ್ಬಳೇ ಮಗಳು ಗಿರಿಜಾ ಬೆಳಗಾವಿಯಲ್ಲಿ ಓದು ಮುಗಿಸಿ ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಭಾವನಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಸಿಹಿ ಬಿಡಲು ಹೇಳಿದರು. ಭಾವ ಬಿಟ್ಟರು, ಆದರೆ ಕದ ಹಾಕಿಕೊಂಡು ಬಿಟ್ಟರು. ಮಗಳ ಮದುವೆ ಆಗುವ ತನಕ ಈ ಸುದ್ದಿ ಹೊಸ್ತಿಲು ದಾಟಬಾರದೆಂದು ಗಂಡ ಹೆಂಡತಿ ಕೂಡಿ ನಿರ್ಧರಿಸಿದ್ದರು. ಜಡ್ಡಿನ ಮನೆತನವೆಂದು ಹೆಸರಾದರೆ ಯಾರು ಬರುತ್ತಾರೆ? ಹೀಗಾಗಿ ಬೆಳಗಿನ ಗಂಜಿಯನ್ನು ಭಾವ ಅಡುಗೆ ಮನೆಯ ಮೂಲೆಯಲ್ಲಿ, ಕಳ್ಳಭಟ್ಟಿ ಕುಡಿಯುವವರ ಹಾಗೆ ಕುಡಿಯುತ್ತಿದ್ದರು. ಹೊರಗೆ ಬಂದು ನಾಲ್ಕು ಜನರೆದುರು ಸಕ್ಕರೆಯ ಚಹಾ ಹೀರುತ್ತಿದ್ದರು. ರೋಗವನ್ನು ಮುಚ್ಚಿಡಲು ರೋಗವನ್ನೇ ಸಾಕುವ ಈ ಜಾಣತನವನ್ನು ನಾನು ಬೇರೆ ಪ್ರಾಣಿಗಳಲ್ಲಿ ಕಂಡಿಲ್ಲ. ಹೀಗಿರುವಾಗ ಒಮ್ಮೆ ಗಿರಿಜಾಳನ್ನು ನೋಡಲು ಬಂದಿದ್ದ ಒಂದು ಪರಿವಾರದ ಮುಂದೆ ಅವರು ಬಟ್ಟಲ ಮೇಲೆ ಬಟ್ಟಲು ಶಿರಾ ತಿಂದು, ನಗುನಗುತ್ತ ಅವರನ್ನು ಬಸ್ಸಿಗೆ ಹತ್ತಿಸಿ ಬಂದು, ಆಮೇಲೆ ಬೆಳಗಾವಿಯ ಆಸ್ಪತ್ರೆ ಸೇರಿದ್ದರು. ಆ ಸಂಬಂಧವೂ ಕೂಡಲಿಲ್ಲ. ಹುಡುಗಿಯ ಎತ್ತರ ಹೆಚ್ಚಾಯಿತಂತೆ.

ಮುಂದಿನ ಸಂಬಂಧ ತಂದವನು ನಾನು. ಶಿವಬಸವ ನಗರದಲ್ಲಿ ಮನೆ, ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆ ಇದ್ದ ಗೃಹಸ್ಥರು, ರುದ್ರಪ್ಪನವರು ಎಂದಿಟ್ಟುಕೊಳ್ಳಿ. ಹೆಸರನ್ನು ಬದಲಿಸಿದ್ದೇನೆ, ಮುಂದೆ ಬರುವ ಯಾವುದನ್ನೂ ಬದಲಿಸಿಲ್ಲ. ಮಗ ಎಂಜಿನಿಯರ್. ಮಧ್ಯಾಹ್ನದ ಬಸ್ಸಿಗೆ ಬರುತ್ತೇವೆಂದವರು, ಯಾರೋ ಗಳಿಗೆಯ ಮಾತು ಹೇಳಿದರೆಂದು ಬೆಳಗಿನ ರೈಲಿಗೇ ಬಂದಿಳಿದರು: ರುದ್ರಪ್ಪನವರು, ಮಗ, ಮತ್ತು ಎಲ್ಲ ಕನ್ಯಾಪರೀಕ್ಷೆಗಳಲ್ಲೂ ಇರಲೇಬೇಕಾದ ಒಬ್ಬ ಸೋದರತ್ತೆ. ಶಿರಾಕ್ಕೆ ರವೆ ಹುರಿಯುವುದೇ ಇನ್ನೂ ಬಾಕಿ. ಒಲೆಯ ಮೇಲೆ ಇದ್ದದ್ದು ಭಾವನ ಗಂಜಿ ಮಾತ್ರ.

"ಇದಕ್ಕ ಸಕ್ಕರಿ, ತುಪ್ಪ ಹಾಕಿ ಕೊಟ್ಟಬಿಡೂಣು, ಪಾಯಸಧಂಗ ಆಗ್ತದ" ಎಂದು ಅಕ್ಕ ಡಬ್ಬಿ ತೆಗೆದಳು. ಹಿಂದಿನ ದಿನವೇ ಬಂದಿದ್ದ ನಾನು ಅವರಿಗೆ ನೀರು ಕೇಳಲು ಒಳಗೆ ಹೋದವನು ಬಾಗಿಲಲ್ಲೇ ನಿಂತಿದ್ದೆ.

ಗಿರಿಜಾ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು ಮುಚ್ಚಳ ಹಾಕಿದಳು. "ಅಪ್ಪನೂ ಅವರ ಜೋಡಿನ ಕೂತು ಕುಡೀಬೇಕಲ್ಲ ಅವ್ವಾ. ಹ್ಞಾಂ ಹ್ಞಾಂ ಅಂತ ಕುಡದು ಮತ್ತ ದವಾಖಾನಿಗೆ ಹೋಗತಾನ."

"ಒಂದ ದಿನಕ್ಕ ಏನೂ ಆಗೂದಿಲ್ಲ."

"ಹೋದ ಸಲಾನೂ ಒಂದ ದಿನಾನ ಇತ್ತು."

ಅವಳು ಬಟ್ಟಲುಗಳಿಗೆ ಗಂಜಿ ಬಗ್ಗಿಸಿ, ಮಜ್ಜಿಗೆ ಬೆರೆಸಿ, ತಾನೇ ಹೊರಗೆ ಒಯ್ದಳು. ಅಪ್ಪನಿಗೂ ಅದೇ, ವರನಿಗೂ ಅದೇ. ಸೋದರತ್ತೆ ಒಂದು ಗುಟುಕು ಕುಡಿದು, ದೊಡ್ಡ ಮನಸ್ಸಿನಿಂದ ಕ್ಷಮಿಸುವ ದನಿಯಲ್ಲಿ ಹೇಳಿದರು: "ಗಡಿಬಿಡ್ಯಾಗ ಸಕ್ಕರಿ ಮರತೀ ಅಂತ ಕಾಣಸ್ತದ, ತಂಗಿ. ಇರಲಿ ಬಿಡು."

"ಮರತಿಲ್ರಿ, ಹಾಕಿಲ್ಲ. ಅಪ್ಪಗ ಸಕ್ಕರಿ ಜಡ್ಡ ಐತಿ. ಅವಂಗೊಂದು ನಿಮಗೊಂದು ಮಾಡಿದ್ರ, ಅವ ನಾಚಿ ನಿಮ್ಮದ ಕುಡೀತಾನ್ರಿ."

ಭಾವನ ಮುಖ ಬೂದಿಯಾಯಿತು. ಅಕ್ಕ ಒಳಗೆ ಯಾವುದೋ ಪಾತ್ರೆಯನ್ನು ಜೋರಾಗಿ ಇಟ್ಟಳು. ವರ ತನ್ನ ಕೈಗಡಿಯಾರ ನೋಡಿಕೊಂಡ. ಅಂದು ಅವನು ಮಾಡಿದ ಸ್ವತಂತ್ರ ಕೆಲಸ ಅದೊಂದೇ. ಸೋದರತ್ತೆ ಬಟ್ಟಲನ್ನು ನೆಲಕ್ಕಿಟ್ಟು, "ಬಡವರ ಮನ್ಯಾಗೂ ಹೆಣ್ಣ ನೋಡಾಕ ಬಂದವ್ರಿಗೆ ಒಂದ ಚಮಚಾ ಸಕ್ಕರಿ ಇರ್ತದಪಾ" ಎಂದು ಜಂತಿಗೆ ಹೇಳಿದರು. ರುದ್ರಪ್ಪನವರು ಮಾತ್ರ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಅರೆ ಮುಚ್ಚಿ, ತಳದ ತನಕ ಕುಡಿದರು. ಇನ್ನೊಂದು ಬಟ್ಟಲು ಕೇಳಿ ಅದನ್ನೂ ಕುಡಿದರು. ಸಂಬಂಧ ಕೂಡಿತೆಂದು ಹಳೆಯ ಪತ್ರಕರ್ತನಾದ ನಾನೂ ಒಂದು ಗಳಿಗೆ ಮೋಸ ಹೋದೆ.

ಹೊರಡುವಾಗ ಬಸ್ ನಿಲ್ದಾಣದಲ್ಲಿ ಅವರು ನನ್ನನ್ನು ಬಾಳೆಹಣ್ಣಿನ ಗಾಡಿಯ ಆಚೆ ಕರೆದೊಯ್ದರು. "ನಿಮ್ಮ ಹೊಟ್ಟ್ಯಾಗ ಇರಲಿ, ಸಾಹೇಬ್ರ. ನನಗೂ ಅದ ಐತಿ. ಭಾಳ ವರ್ಷ ಆತು. ಮನ್ಯಾಗ ಮಗಗೂ ಗೊತ್ತಿಲ್ಲ. ಇವತ್ತು ಹೊಟ್ಟಿ ತಂಪಾತ ನೋಡ್ರಿ."

"ಮನ್ಯಾಗೂ ಇದನ್ನ ಮಾಡಸ್ರಿ ಮತ್ತ" ಎಂದೆ.

"ಮಾಡಸಿದ್ರ ಯಾಕಂತ ಕೇಳ್ತಾರಲ್ಲ!"

ವಾರದೊಳಗೆ ಅವರ ಕಡೆಯಿಂದ ಮಾತು ಬಂತು. ಹುಡುಗಿ ಚಲೋ ಇದ್ದಾಳೆ, ಮನೆತನ ಚಲೋ ಐತಿ, ಆದರೆ ಜಡ್ಡಿನ ಬಳ್ಳಿ; ನಾಳೆ ಹುಟ್ಟುವ ಮಕ್ಕಳ ವಿಚಾರ ಮಾಡಬೇಕಲ್ಲ? ಮಿತ್ರರೇ, ಸುಳ್ಳು ನನಗೆ ಹೊಸತಲ್ಲ. ಅದನ್ನು ತಿದ್ದಿ, ಕತ್ತರಿಸಿ, ಶೀರ್ಷಿಕೆ ಕೊಟ್ಟು ಹೊಟ್ಟೆ ಹೊರೆದವನು ನಾನು. ಆದರೆ ತನ್ನ ರಕ್ತದಲ್ಲಿರುವುದನ್ನೇ ಇನ್ನೊಬ್ಬನ ವಂಶದ ಕಳಂಕವೆಂದು ತೋರಿಸಿ, ಹುಟ್ಟದ ಮೊಮ್ಮಕ್ಕಳ ಆರೋಗ್ಯದ ಬಗ್ಗೆ ಕಳವಳಪಡುವ ಅಜ್ಜನನ್ನು ಅಲ್ಲಿಯ ತನಕ ಕಂಡಿರಲಿಲ್ಲ. ಇದು ಕ್ರೌರ್ಯವೂ ಅಲ್ಲ. ಕ್ರೌರ್ಯಕ್ಕೆ ಸ್ವಲ್ಪ ಧೈರ್ಯ ಬೇಕು. ಇದು ಬರೀ ಮರ್ಯಾದೆ. ನಮ್ಮ ಊರಿನ ದೊಡ್ಡ ಮನೆಗಳಲ್ಲಿ ಅದನ್ನು ಹೊಳಪು ಬರುವಂತೆ ತಿಕ್ಕಿ ಪಡಸಾಲೆಯಲ್ಲಿ ಇಟ್ಟಿರುತ್ತಾರೆ. ಸಿಹಿಯ ಮೇಲೆ ನನಗೆ ಹಗೆಯಿಲ್ಲ. ಕಬ್ಬಿಗೆ ತಾನು ಸಿಹಿಯೆಂಬ ಅಹಂಕಾರವಿಲ್ಲ. ಒಗರಾದದ್ದನ್ನು ಒಗರೆಂದು ಒಪ್ಪಲಾರದ ನಾಲಿಗೆಯ ಹೇಡಿತನವನ್ನು ಕಂಡರೆ ಮಾತ್ರ ನನಗಾಗದು.

ಆ ಸುದ್ದಿ ಮುಟ್ಟಿದ ದಿನ ಅಕ್ಕ ಮಗಳ ಜೊತೆ ಮಾತು ಬಿಟ್ಟಳು. ಭಾವ ಮಾತ್ರ, "ಅಕಿ ಏನ ಸುಳ್ಳ ಹೇಳ್ಯಾಳು?" ಎಂದು ಒಂದೇ ಮಾತು ಕೇಳಿದರಂತೆ. ಆ ಮಾತಿಗೆ ಅಕ್ಕ ಅವರ ಜೊತೆಗೂ ಮಾತು ಬಿಟ್ಟಳು.

ಕೆಲವು ತಿಂಗಳ ಮೇಲೆ ರುದ್ರಪ್ಪನವರು ಸಿಹಿ ಡಬ್ಬಿ ಹಿಡಿದು ನಮ್ಮ ಕಚೇರಿಗೆ ಬಂದರು. ಮಗನ ಸಾಖರಪುಡಾ ಬೇರೆ ಕಡೆ ಗೊತ್ತಾಗಿತ್ತು. ಕರೆಯುವುದನ್ನು ಮುಗಿಸಿ, ಅತ್ತ ಇತ್ತ ನೋಡಿ, ದನಿ ಇಳಿಸಿದರು: "ಆ ಖಾನಾಪುರದ ನಾಚಣಿ ಹಿಟ್ಟ ಒಂದೀಟು ತರಸಿ ಕೊಡ್ರಲ್ಲ. ಹಿತ್ತಲದಾಗ ಸ್ಟೋವ್ ಮ್ಯಾಲ ನಾನ ಕಾಸ್ಕೋತೀನಿ."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಮಾತನ್ನು ಇದ್ದ ಹಾಗೆ ಮುಟ್ಟಿಸುವುದು ನನ್ನ ಕಸುಬು, ಆದ್ದರಿಂದ ಮುಂದಿನ ಭಾನುವಾರ ಖಾನಾಪುರಕ್ಕೆ ಹೋದಾಗ ಗಿರಿಜಾಳಿಗೆ ಹೇಳಿದೆ. ಅವರ ಕಾಯಿಲೆಯನ್ನು ನಾನು ಬಾಯಿಬಿಡಲಿಲ್ಲ. ಹಿಟ್ಟು ಕೇಳಿದ್ದೇ ಸಾಕಾಯಿತು. ಅವಳು ನನ್ನ ಮುಖ ನೋಡಿ, "ಅಂದ್ರ ಅವರಿಗೂ..." ಎಂದು ಅಲ್ಲಿಗೇ ನಿಲ್ಲಿಸಿದಳು. ಆಮೇಲೆ ಹೇಳಿದಳು: "ಹಿಟ್ಟಿಗೇನ ಬರಾ ಇಲ್ಲ, ಮಾಮಾ. ಆದರ ಕಳಸೂದಿಲ್ಲ. ಇಲ್ಲಿಗೆ ಬರ್ರಿ ಅನ್ನು. ಅಪ್ಪನ ಬಾಜು ಕೂತು ಒಂದ ಬಟ್ಟಲ ಕುಡದು, ಬೇಕಾದಷ್ಟ ಒಯ್ಯಲಿ."

ಇದನ್ನೂ ಇದ್ದ ಹಾಗೆ ಮುಟ್ಟಿಸಿದೆ. ರುದ್ರಪ್ಪನವರು ಲೆಕ್ಕ ಹಾಕುವವರಂತೆ ಗೋಡೆ ನೋಡಿದರು. "ನೋಡೂಣ್ರಿ" ಎಂದರು. ಸಾಖರಪುಡಾಕ್ಕೆ ಹೋಗಿದ್ದೆ, ಹೋಗದೆ ನೋಡಲಾಗುವುದಿಲ್ಲವಲ್ಲ. ಬೀಗರು ಬಂದರು, ಬೀಗರ ತಮ್ಮಂದಿರು ಬಂದರು, ಕಾರ್ಖಾನೆಯ ಆಳುಗಳ ಮೇಲಿನ ಮುಕಾದಮ ಬಂದ. ಒಬ್ಬೊಬ್ಬರ ಸಕ್ಕರೆಯ ಕೈ ಮುಂದೆ ಬಂದಾಗಲೂ ರುದ್ರಪ್ಪನವರು ಬಾಯಿ ತೆರೆದರು. ನುಂಗುವಾಗ ಒಮ್ಮೆ ನನ್ನ ಕಡೆ ನೋಡಿ, ಕಣ್ಣು ತೆಗೆದರು. ಖಾನಾಪುರಕ್ಕೆ ಅವರು ಬರಲಿಲ್ಲ.

ಗಿರಿಜಾಳ ಮದುವೆ ತಡವಾಗಿಯೇ ಆಯಿತು. ನಡುವೆ ಮೂಗು ಮುರಿದು ಎದ್ದು ಹೋದವರೂ ಇದ್ದರು. ಬಂದವರಿಗೆಲ್ಲ ಅವಳು ಮೊದಲು ಅದೇ ಗಂಜಿಯನ್ನು, ಅದೇ ಪಾತ್ರೆಯಿಂದ ಕೊಟ್ಟಳು. ಕೊನೆಗೆ ಒಬ್ಬ ಶಾಲಾ ಮಾಸ್ತರ ಅದನ್ನು ಕುಡಿದು, "ಸ್ವಲ್ಪ ಉಪ್ಪ ಕಡಿಮಿ ಆಗೇತ್ರಿ" ಎಂದನಂತೆ. ಹೌದು, ಕಡಿಮೆಯೇ ಆಗಿತ್ತು ಎಂದು ಅವಳೂ ಒಪ್ಪಿದಳಂತೆ.

ಆದರೆ ನನ್ನ ನೆನಪಿನಲ್ಲಿ ಉಳಿದಿರುವುದು ಆ ಮದುವೆಯಲ್ಲ. ಅದಕ್ಕೂ ಮುಂಚಿನ ಒಂದು ಬೆಳಗು. ಸ್ಟೇಷನ್ನಿನಿಂದ ನಡೆದು ಹೋಗುತ್ತಿದ್ದೆ. ಭಾವ ಬೀದಿಯ ಕಡೆ ಮುಖ ಮಾಡಿ, ಹೊರಗಿನ ಕಟ್ಟೆಯ ಮೇಲೆ ಕುಳಿತು ಗಂಜಿ ಕುಡಿಯುತ್ತಿದ್ದರು. ಮೀಸೆಗೆ ಮಜ್ಜಿಗೆ ಹತ್ತಿತ್ತು. ಪೇಟೆಗೆ ಹೊರಟಿದ್ದ ಹಳೆಯ ಸಹೋದ್ಯೋಗಿಯೊಬ್ಬ ಸೈಕಲ್ಲಿನಿಂದ ಕಾಲು ಊರಿ, "ಏನ್ರಿ ಅದು, ಮುಂಜಾನೆದ್ದು ಇಷ್ಟು ರುಚಿ ಮಾಡ್ಕೊಂಡು?" ಎಂದು ಕೇಳಿದ.

ಭಾವ ಮೀಸೆ ಒರೆಸಿಕೊಂಡರು. ಒಳಗೆ ತಿರುಗಿ, ಅಕ್ಕನಿಗೂ ಓಣಿಗೂ ಒಟ್ಟಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದರು: "ಇನ್ನೊಂದ ಬಟ್ಟಲ ತಾ! ಸಕ್ಕರಿ ಜಡ್ಡಿನವರ ಗಂಜಿ ಐತಪಾ ಇದು. ಬಾ, ಕುಂದರು, ಕುಡಿ."